ಹೊಸ್ತಿಲಲ್ಲಿ ಕುಳಿತವನು

ಟಕ್... ಟಕ್ ಟಕ್...

ಅವಳ ಕಾಲು ಮೆಟ್ಟಿಲ ಮೇಲೇ ನಿಂತುಬಿಟ್ಟಿತು.

ಮೇಲಿನ ಮಹಡಿಯಲ್ಲಿ ಯಾರೋ ತಟ್ಟುತ್ತಿದ್ದರು! ಎಷ್ಟೋ ವರ್ಷಗಳಿಂದ ಬೀಗ ಬಿದ್ದಿದ್ದ ಕಟ್ಟಡ. ಬೀಗದ ಕೈ ಅವಳ ಕೈಯಲ್ಲೇ ಇತ್ತು. ಮತ್ತೆ ಮೇಲಿರುವುದು ಯಾರು?

ಆ ಹಾಸ್ಟೆಲಿನ ಬಗ್ಗೆ ಅವಳಿಗೆ ಗೊತ್ತಿಲ್ಲದ ಕಥೆಯಿರಲಿಲ್ಲ. ಒಂದು ಕಾಲದಲ್ಲಿ ಅವಳ ಜನರ ಮಕ್ಕಳನ್ನು ಮನೆಗಳಿಂದ ಎತ್ತಿಕೊಂಡು ಬಂದು ಇಲ್ಲಿ ಕೂಡಿಹಾಕುತ್ತಿದ್ದರು. ಕೂದಲು ಕತ್ತರಿಸುತ್ತಿದ್ದರು. ತಮ್ಮ ಭಾಷೆಯಲ್ಲಿ ಒಂದು ಮಾತಾಡಿದರೂ ಬೆತ್ತ ಬೀಳುತ್ತಿತ್ತು. ಕೊನೆಗೊಂದು ದಿನ ಅದನ್ನು ಮುಚ್ಚಿದರು. ಆದರೆ ಕಟ್ಟಡ ಮಾತ್ರ ನಿಂತೇ ಇತ್ತು. ಸಂಜೆಯಾದರೆ ಒಳಗಿನಿಂದ ಗೋಡೆ ತಟ್ಟುವ ಸದ್ದು ಬರುತ್ತದೆ ಎಂದು ಜನ ಆ ದಾರಿಯನ್ನೇ ಬಿಟ್ಟಿದ್ದರು.

'ದೆವ್ವ ಗಿವ್ವ ಎಲ್ಲ ಸುಳ್ಳು' ಎಂದು ನಿನ್ನೆ ತಾನೇ ಅಜ್ಜಿಯ ಮುಂದೆ ಜಂಬ ಕೊಚ್ಚಿದವಳು ಈಗ ಕಂಬಿ ಹಿಡಿದುಕೊಂಡು ನಡುಗುತ್ತಿದ್ದಳು.

ಟಕ್ ಟಕ್... ಜೊತೆಗೊಂದು ಹಾಡು! ಮೆಲ್ಲಗೆ ಗುನುಗುವ ಗಂಡಸಿನ ದನಿ. ಭಾಷೆ ಅವಳ ಜನರದ್ದೇ. ಆದರೆ ಹಾಡು ಅವಳು ಕೇಳಿರದ್ದು, ಒಂದು ಪದವೂ ಅರ್ಥವಾಗಲಿಲ್ಲ.

ಜೀವವನ್ನು ಅಂಗೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ಇಣುಕಿದಳು.

ಉದ್ದನೆಯ ಕೋಣೆಯ ನಡುವೆ ಒಬ್ಬ ಮನುಷ್ಯ ನೆಲಕ್ಕೆ ಕೆನ್ನೆ ಒತ್ತಿ ಮಲಗಿದ್ದ!

ಅವಳು ಕಿರುಚಿದಳು. ಅವನು ಅದಕ್ಕಿಂತ ಜೋರಾಗಿ ಕಿರುಚಿ ಎದ್ದು ಕುಳಿತ.

"ಯಾ... ಯಾರು ನೀವು?"

"ಬಡಗಿ ಕಣ್ರೀ! ನೀವ್ಯಾರು? ಹಿಂಗಾ ಕಿರುಚೋದು? ನನ್ನ ಎದೆ ನಿಂತೇ ಹೋಗಿತ್ತು!"

"ಒಳಗೆ ಹೇಗೆ ಬಂದ್ರಿ?"

"ಹಿಂದಿನ ಬಾಗಿಲಿಗೆ ಬಾಗಿಲೇ ಇಲ್ಲ. ನೀವು ಮುಂದಿನ ಬೀಗ ಕಾಯ್ತಾ ಇದೀರಿ." ಎದ್ದು ನಿಂತ. ನಿಲ್ಲುತ್ತಲೇ ಹೋದ, ಅಷ್ಟು ಉದ್ದ ಆಳು. "ಹಲಗೆ ತಟ್ಟಿ ನೋಡ್ತಿದ್ದೆ. ಒಳಗೆ ಹುಳ ಹಿಡಿದಿದ್ರೆ ಸದ್ದು ಬೇರೆ ಬರತ್ತೆ. ಕಟ್ಟಡ ಗಟ್ಟಿ ಇದೆಯಾ ನೋಡ್ಕೊಂಡು ಬಾ ಅಂತ ಹಿರಿಯರು ಕಳಿಸಿದ್ರು. ಹೈಸ್ಕೂಲ್ ಮಾಡ್ತಾರಂತಲ್ಲ, ಅದ್ಯಾರೋ ಟೀಚರಮ್ಮ ಬಂದಿದಾರಂತೆ, ತುಂಬಾ ಜೋರಂತೆ..."

"ನಾನೇ ಆ ಟೀಚರಮ್ಮ."

ಅವನು ನಾಲಿಗೆ ಕಚ್ಚಿಕೊಂಡ. ಅಷ್ಟು ಹೆದರಿಕೆಯಲ್ಲೂ ಅವಳಿಗೆ ನಗು ಬಂತು!

ಅವತ್ತಿನಿಂದ ಇಬ್ಬರೂ ದಿನವೂ ಆ ಕಟ್ಟಡದಲ್ಲೇ.

ಊರಿನವರೆಲ್ಲ ಅವನನ್ನು ಉದ್ದಣ್ಣ ಎಂದೇ ಕರೆಯುತ್ತಿದ್ದರು. ಅವನ ಮನೆ ಗುಡ್ಡದ ಮೇಲಿತ್ತು. ಹಿಂದೆ ಮಕ್ಕಳನ್ನು ಹಿಡಿಯುವ ಗಾಡಿ ಬಂದಾಗ ಅವನ ಮುತ್ತಜ್ಜ ಮಕ್ಕಳನ್ನೆಲ್ಲ ಹೆಗಲಿಗೇರಿಸಿಕೊಂಡು ಕಾಡು ಹತ್ತಿದ್ದನಂತೆ. ಆ ಮನೆಯ ಒಂದು ಮಗುವೂ ಹಾಸ್ಟೆಲಿನ ಮುಖ ನೋಡಿರಲಿಲ್ಲ. ಅದಕ್ಕೇ ಅವರಲ್ಲಿ ಹಾಡು, ಭಾಷೆ, ರೀತಿ ರಿವಾಜು ಎಲ್ಲವೂ ಉಳಿದಿದ್ದವು.

ಅವಳ ಮನೆಯಲ್ಲಿ ಏನೂ ಉಳಿದಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ಅಜ್ಜಿ. ಆ ಅಜ್ಜಿ ಹಾಸ್ಟೆಲಿನಲ್ಲಿ ಬೆಳೆದವಳು. ಮೊಮ್ಮಗಳಿಗೆ ಪೇಟೆಯ ಭಾಷೆ ಕಲಿಸಿದಳು, ಪೇಟೆಯ ಶಾಲೆಗೆ ಕಳಿಸಿದಳು. ತಮ್ಮದು ಎನ್ನುವ ಒಂದು ಮಾತನ್ನೂ ಹೇಳಿಕೊಡಲಿಲ್ಲ.

'ನಮ್ಮ ಜನರ ಹೈಸ್ಕೂಲಿಗೆ ನಾನು ಹೆಡ್ ಮಿಸ್ಟ್ರೆಸ್... ನನಗೇ ನಮ್ಮದು ಏನೂ ಗೊತ್ತಿಲ್ಲ' ಎಂಬ ಕೊರಗು ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಆದರೂ ಅವಳು ಪಟ್ಟು ಬಿಡಲಿಲ್ಲ. ಏಳನೇ ಕ್ಲಾಸು ಮುಗಿಸಿದ ಮಕ್ಕಳು ಓದಬೇಕೆಂದರೆ ಈಗಲೂ ದೂರದ ಪೇಟೆಯ ಹಾಸ್ಟೆಲಿಗೇ ಹೋಗಬೇಕು. ಅರ್ಧ ಜನ ಓದು ಬಿಟ್ಟು ವಾಪಸ್ ಬರುತ್ತಿದ್ದರು. ಉಳಿದವರು ವಾಪಸ್ಸೇ ಬರುತ್ತಿರಲಿಲ್ಲ. ಈಗ ಸರ್ಕಾರ ಈ ಜಾಗವನ್ನು ಜನರಿಗೇ ಬಿಟ್ಟುಕೊಟ್ಟಿತ್ತು. ಈ ವರ್ಷ ಶಾಲೆ ಶುರುವಾದರೆ ಸರಿ, ಇಲ್ಲದಿದ್ದರೆ ಅನುಮತಿ ರದ್ದು. ಅದಕ್ಕೆ ಹಿರಿಯರ ಸಭೆ ಒಪ್ಪಬೇಕು. ಹಿರಿಯರೆಲ್ಲರೂ ಇದೇ ಕಟ್ಟಡದಲ್ಲಿ ಬೆಳೆದವರು. ಅದರ ಗೇಟು ದಾಟಲು ಅವರಲ್ಲಿ ಒಬ್ಬರಿಗೂ ಮನಸ್ಸಿರಲಿಲ್ಲ.

"ಒಪ್ತಾರೆ ಅಂತೀರಾ?" ಒಂದು ಮಧ್ಯಾಹ್ನ ಕೇಳಿದಳು.

"ನೀವು ಮಾತಾಡಿದ್ರೆ ಒಪ್ತಾರೆ. ನಿಮ್ಮ ಮಾತು ನಿಲ್ಲಿಸೋಕಾದ್ರೂ ಒಪ್ತಾರೆ."

"ಹೌದಾ! ಅಷ್ಟೊಂದು ಮಾತಾಡ್ತೀನಾ ನಾನು?"

"ನಂಗೇನೂ ತೊಂದ್ರೆ ಇಲ್ಲ ಟೀಚರೇ..." ಅವನು ಉಳಿಯ ಮೇಲೆ ಕಣ್ಣಿಟ್ಟೇ ಹೇಳಿದ. "ನೀವು ಬರದ ದಿನ ಈ ಕಟ್ಟಡ ತುಂಬಾ ಸುಮ್ನಿರತ್ತೆ. ಆಗ ಭಯ ಆಗತ್ತೆ."

ಅವಳ ಕೆನ್ನೆ ಬಿಸಿಯಾಯಿತು. ಏನೋ ಒಂದು ಹೇಳಬೇಕಲ್ಲ ಎಂದು ಹೇಳಿದಳು, "ಶಾಲೆ ಅಂದ್ಮೇಲೆ ಒಂದು ಗಂಟೆ ಇರಬೇಕು ಅಲ್ವಾ? ಗಂಟೆ ಸದ್ದು ಕೇಳಿದ್ರೆ ಎಷ್ಟು ಚೆಂದ!"

ಅಯ್ಯೋ, ಆ ಮಾತು ಅವಳ ಬಾಯಿಂದ ಬರದೇ ಇದ್ದಿದ್ದರೆ!

ಸಭೆಯ ದಿನ. ಗೇಟಿನ ಹೊರಗೆ ರಸ್ತೆಯ ಬದಿಯಲ್ಲಿ ಚಾಪೆ ಹಾಸಿ ಹಿರಿಯರು ಕುಳಿತರು. ಒಳಗೆ ಒಬ್ಬರೂ ಬರಲಿಲ್ಲ. ಅಜ್ಜಿಯೂ ಬಂದಿದ್ದಳು. ಬೆನ್ನನ್ನು ಕಟ್ಟಡದ ಕಡೆ ಹಾಕಿ ಕುಳಿತಿದ್ದಳು.

ಅವಳು ಮನಸ್ಸು ಬಿಚ್ಚಿ ಮಾತಾಡಿದಳು. "ಇಲ್ಲಿ ಗಣಿತ ಇರತ್ತೆ, ವಿಜ್ಞಾನ ಇರತ್ತೆ. ಅದರ ಜೊತೆ ನಮ್ಮ ಭಾಷೆ, ನಮ್ಮ ಹಾಡು, ನಮ್ಮ ಗುಡ್ಡದ ಗಿಡ ಮರ ಎಲ್ಲವೂ ಪಾಠವೇ. ಅದನ್ನ ಕಲಿಸೋರು ನೀವೇ. ಏನು ಕಲಿಸ್ಬೇಕು, ಏನು ಬೇಡ ಅಂತ ಹೇಳೋರೂ ನೀವೇ. ಸಂಜೆ ಮಕ್ಕಳು ಅವರವರ ಮನೇಲೇ ಮಲಗ್ತಾರೆ!"

ಕೊನೆಯ ಮಾತಿಗೆ ಯಜಮಾನರ ಕಣ್ಣು ಒದ್ದೆಯಾಯಿತು. ಹಿರಿಯರಿಗೆಲ್ಲ ಹಿರಿಯರು ಅವರು. "ಮಗಾ, ಮನಸ್ಸು ಹೂಂ ಅನ್ನತ್ತೆ. ಕಾಲು ಏಳ್ತಿಲ್ಲ ಅಷ್ಟೇ..." ಎಂದರು.

'ಒಪ್ಪಿಬಿಟ್ಟರು!' ಅವಳ ಎದೆ ಕುಣಿಯಿತು.

ಅಷ್ಟರಲ್ಲಿ...

ಢಣ್! ಢಣ್! ಢಣ್!

ಅಟ್ಟದ ಕಸದಲ್ಲಿ ಸಿಕ್ಕಿದ ಹಾಸ್ಟೆಲಿನ ಹಳೆಯ ಗಂಟೆಯನ್ನು ಬಡಗಿ ಬೂದಿ ಹಾಕಿ ಉಜ್ಜಿ, ಹೊಳೆಯಿಸಿ, ಅವಳಿಗೆ ಗೊತ್ತಾಗದಂತೆ ಜಗಲಿಯಲ್ಲಿ ತೂಗುಹಾಕಿದ್ದ. ಸಭೆ ಒಪ್ಪುವ ಹೊತ್ತಿಗೆ ಅದನ್ನು ಬಾರಿಸಿ ಅವಳ ಮುಖ ಅರಳುವುದನ್ನು ನೋಡಬೇಕೆಂದಿದ್ದ. ಪಾಪ, ಗುಡ್ಡದ ಮನೆಯವನಿಗೆ ಆ ಗಂಟೆ ಏನೆಂದು ಗೊತ್ತಿದ್ದರೆ ತಾನೇ!

ಹಿರಿಯರು ಎದ್ದು ನಿಂತರು.

ಒಬ್ಬರ ಹಿಂದೆ ಒಬ್ಬರು ಸಾಲು ನಿಂತರು. ಗಿಡ್ಡ ಇದ್ದವರು ಮುಂದೆ, ಉದ್ದ ಇದ್ದವರು ಹಿಂದೆ. ಕೋಲು ಹಿಡಿದವರು ಕೋಲು ಬಿಟ್ಟರು. ಇಷ್ಟು ವರ್ಷ ದಾಟಲಾಗದಿದ್ದ ಆ ಗೇಟನ್ನು ದಾಟಿ ಅಂಗಳಕ್ಕೆ ನಡೆದು, ಎರಡೂ ಕೈ ಮುಂದೆ ಚಾಚಿ, ಉಗುರು ತೋರಿಸಿ ನಿಂತರು!

ಗಂಟೆಯ ಸದ್ದು ಅಡಗಿತು. ಅವರು ಮಾತ್ರ ಕೈ ಇಳಿಸಲಿಲ್ಲ.

"ಅಜ್ಜಿ..." ಅವಳು ಓಡಿಹೋಗಿ ಅಜ್ಜಿಯ ಕೈ ಹಿಡಿದಳು. ಮಂಜಿನಂತೆ ತಣ್ಣಗಿತ್ತು. ಅಜ್ಜಿಯ ಕಣ್ಣು ನೇರವಾಗಿ ಎಲ್ಲೋ ನೋಡುತ್ತಿತ್ತು. ಮೊಮ್ಮಗಳು ಅದಕ್ಕೆ ಕಾಣಲಿಲ್ಲ.

ಮೊದಲು ಎಚ್ಚೆತ್ತವರು ಯಜಮಾನರು. ತಮ್ಮ ಮುದಿ ಕೈಗಳನ್ನೇ ನೋಡಿಕೊಂಡರು. ಮುಖವೆಲ್ಲ ಅವಮಾನದಿಂದ ಕಪ್ಪಿಟ್ಟಿತು.

"ಸಭೆ ಮುಗೀತು" ಎಂದರು.

ಎಲ್ಲರೂ ಹೋದ ಮೇಲೆ ಅವಳು ಬಡಗಿಯ ಮೇಲೆ ಹರಿಹಾಯ್ದಳು. "ಏನು ಮಾಡಿಬಿಟ್ರಿ! ಯಾರು ಹೇಳಿದ್ರು ನಿಮಗೆ ಇದನ್ನ ಹಾಕೋಕೆ?"

"ನೀವು ಆಸೆಪಟ್ರಿ ಅಂತ..."

"ನಿಮ್ಮನೆಯವರು ಓಡಿಹೋಗಿ ಬಚ್ಚಿಟ್ಟುಕೊಂಡ್ರು. ಇಲ್ಲಿನ ನೋವು ನಿಮಗೇನು ಗೊತ್ತು? ಹೋಗಿ ಇಲ್ಲಿಂದ!"

ಅವನ ಮುಖ ಸುಣ್ಣದಂತಾಯಿತು. ಗಂಟೆ ಬಿಚ್ಚಿ, ಹೆಗಲ ಮೇಲೆ ಹೊತ್ತು ಹೊರಟುಹೋದ.

'ಗಂಟೆ ಬೇಕು ಅಂದವಳು ನಾನೇ ಅಲ್ವಾ...' ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಸಿಟ್ಟು ಹೆಚ್ಚಾಗಿತ್ತು.

ಮುಂದಿನ ದಿನಗಳಲ್ಲಿ ಅವಳು ಮನೆ ಬಿಟ್ಟು ಹೊರಗೆ ಬರಲಿಲ್ಲ. ಅಜ್ಜಿ ಎಂದಿನಂತೆ ಅಡುಗೆ ಮಾಡುತ್ತಿದ್ದಳು, ಪಾತ್ರೆ ತೊಳೆಯುತ್ತಿದ್ದಳು. ಆದರೆ ಸಂಜೆಯಾದರೆ ಗೋಡೆಗೆ ಕಿವಿಯಿಟ್ಟು ಕುಳಿತುಬಿಡುತ್ತಿದ್ದಳು. "ಏನು ಕೇಳ್ತಿದೀಯ ಅಜ್ಜಿ?" ಎಂದರೆ ಕಿವಿಯನ್ನು ಇನ್ನಷ್ಟು ಒತ್ತುತ್ತಿದ್ದಳು. ಮೊಮ್ಮಗಳಿಗೆ ಅಳು ಬರುತ್ತಿತ್ತು, ಭಯವೂ ಆಗುತ್ತಿತ್ತು.

ಕೊನೆಗೊಂದು ದಿನ ಸಾಮಾನಿಗೆಂದು ಅಂಗಡಿಗೆ ಹೋಗಲೇಬೇಕಾಗಿ ಬಂದಾಗ ಅಂಗಡಿ ಚಿಕ್ಕಮ್ಮ ಸುದ್ದಿ ಬಿಚ್ಚಿದಳು. ಹೊರಗಿನಿಂದ ಬಂದು ಅಲ್ಲಿ ವ್ಯಾಪಾರ ಹಾಕಿದ ಹೆಂಗಸು ಅವಳು. ಸಕ್ಕರೆಗಿಂತ ಸುದ್ದಿಯನ್ನೇ ಹೆಚ್ಚು ತೂಗುತ್ತಿದ್ದಳು.

"ನಿನ್ನ ಬಡಗಿ ನೋಡಿದ್ಯೇನೇ? ಸಭೆ ಹಿರಿಯರ ಮನೆ ಒಂದೂ ಬಿಡ್ತಿಲ್ಲ. ಒಂದೊಂದು ಮನೆ ಹೊಸ್ತಿಲಲ್ಲೂ ಬೆಳಗಿಂದ ಕೂತಿರ್ತಾನೆ. ಅದೇನು ಕಿವಿ ಊದ್ತಾನೋ ಏನೋ!"

ಅವಳ ಎದೆ ಧಸಕ್ಕೆಂದಿತು. 'ಗಂಟೆ ಹಾಕಿಸಿದ್ದು ಟೀಚರೇ ಅಂತ ಹೇಳಿ ತಾನು ಪಾರಾಗ್ತಿದಾನೆ! ಇವನನ್ನ ನಾನು...' ಮುಂದಿನ ಮಾತನ್ನು ಮನಸ್ಸಿನಲ್ಲೂ ಪೂರ್ತಿ ಮಾಡಲಾಗಲಿಲ್ಲ. ಅಷ್ಟು ಇಷ್ಟಪಟ್ಟಿದ್ದಳು ಅವನನ್ನು.

ಮನೆಗೆ ಬಂದರೆ, ಅವಳದೇ ಮನೆಯ ಹೊಸ್ತಿಲಲ್ಲಿ ಅವನು ಕುಳಿತಿದ್ದ! ಉದ್ದನೆಯ ಕಾಲು ಮಡಚಿ, ತಲೆ ತಗ್ಗಿಸಿ.

"ಇಲ್ಲಿಗೂ ಬಂದ್ರಾ? ಚಾಡಿ ಹೇಳೋಕೆ ನಮ್ಮಜ್ಜಿ ಒಬ್ರು ಬಾಕಿ ಇದ್ರು ಅಲ್ವಾ?"

ಅವನು ಉತ್ತರಿಸಲಿಲ್ಲ.

"ನಿಮ್ಮನ್ನೇ ಕೇಳ್ತಿರೋದು! ನನ್ನ ಮುಖ ನೋಡಿ ಮಾತಾಡಿ!"

ಅವನು ತಲೆಯೆತ್ತಿದ. ಕಣ್ಣು ಕೆಂಪಾಗಿತ್ತು. ತುಟಿ ಏನೋ ಹೇಳಲು ಅಲುಗಿತು. ಆದರೆ ಮತ್ತೆ ತಲೆ ತಗ್ಗಿಸಿದ.

"ಎದ್ದು ಹೋಗಿ. ಇನ್ನೊಂದ್ಸಲ ಈ ಕಡೆ ಬರಬೇಡಿ!"

ಅವನನ್ನು ದಾಟಿ ಒಳಗೆ ಬಂದು ಧಡಾರನೆ ಬಾಗಿಲು ಹಾಕಿದಳು. ಹೊರಗೆ ಅವನು ಎದ್ದ ಸದ್ದು, ನಿಧಾನವಾಗಿ ದೂರವಾದ ಹೆಜ್ಜೆ... ಎಲ್ಲವೂ ಕೇಳಿಸಿತು.

ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ನೀರಿನ ಲೋಟ ಹಿಡಿದು ನಿಂತಿದ್ದಳು.

"ಏನು ಮಾಡ್ದೆ ಮಗಾ... ಕೂತವನ ಮುಖಕ್ಕೆ ಬಾಗಿಲು ಹಾಕಿದ್ಯಲ್ಲ!"

"ಅವನು ಮನೆ ಮನೆಗೆ ಹೋಗಿ ನನ್ನ ಮೇಲೆ ದೂರು..."

"ದೂರಲ್ಲ ಕಣೇ!" ಅಜ್ಜಿ ಕುಸಿದು ಕುಳಿತಳು. "ನಮ್ಮಲ್ಲಿ ಯಾರಿಗಾದ್ರೂ ನೋವು ಮಾಡಿದೋರು ಬಾಯಲ್ಲಿ ತಪ್ಪಾಯ್ತು ಅನ್ನಲ್ಲ. ನೋವಾದವರ ಹೊಸ್ತಿಲಲ್ಲಿ ಹೋಗಿ ಸುಮ್ನೆ ಕೂತ್ಕೋತಾರೆ. ಮಾತಾಡೋ ಹಾಗಿಲ್ಲ. ಮನೆಯವರಾಗೇ ಬಂದು ಒಂದು ಕೆಲಸ ಹೇಳ್ಬೇಕು. ಅದನ್ನ ಮಾಡಿದ್ರೆ ಮುಗೀತು, ಮತ್ತೆ ಆ ಮಾತು ಎತ್ತೋ ಹಾಗಿಲ್ಲ. ಬಾಗಿಲು ಹಾಕಿದ್ರೆ... ಆ ಮನೆಗೂ ಈ ಮನೆಗೂ ಇನ್ನೇನೂ ಇಲ್ಲ ಅಂತ."

ಅವಳಿಗೆ ಭೂಮಿಯೇ ತಿರುಗಿದಂತಾಯಿತು.

"ಎಲ್ಲ ಹಿರಿಯರೂ ಅವನಿಗೆ ಕೆಲಸ ಹೇಳಿದಾರೆ. ಎಲ್ಲರೂ ಹೇಳಿದ್ದು ಆ ಕಟ್ಟಡದ ಕೆಲಸಾನೇ! ಮಲಗೋ ಕೋಣೆಗೆ ಹೊರಗಡೆಯಿಂದ ಹಾಕೋ ಚಿಲಕ ಕಿತ್ತುಬಿಡು ಅಂದ್ರಂತೆ ಯಜಮಾನ್ರು. ಇನ್ನೊಬ್ರು ಕಿಟಕಿ ಕೆಳಗಿಳಿಸು, ಮಕ್ಕಳಿಗೆ ರಸ್ತೆ ಕಾಣ್ಲಿ ಅಂದ್ರಂತೆ. ನಾನೊಬ್ಳು ಹೇಳಿದ್ರೆ ಶಾಲೆಗೆ ಒಪ್ಪೋಣ ಅಂತ ಎಲ್ಲರೂ ಕಾಯ್ತಿದ್ರು... ಇವತ್ತು ಹೇಳೋಣ ಅಂತ ಧೈರ್ಯ ಮಾಡಿ ಎದ್ದಿದ್ದೆ."

ಅಂದರೆ ಅವಳು ಹಾಕಿದ್ದು ಮನೆಯ ಬಾಗಿಲನ್ನಲ್ಲ, ಶಾಲೆಯ ಬಾಗಿಲನ್ನು!

"ಇದೆಲ್ಲ ನಂಗ್ಯಾಕೆ ಹೇಳಿಕೊಡ್ಲಿಲ್ಲ ಅಜ್ಜಿ? ಯಾಕೆ?" ಅವಳು ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟಳು.

"ಗೊತ್ತಿಲ್ಲದಿದ್ರೆ ಹೊಡೆಯಲ್ಲ ಅಂದ್ಕೊಂಡೆ ಮಗಾ..."

ಅವಳ ತಲೆ ಸವರುತ್ತಾ ಅಜ್ಜಿ ತಾನಾಗೇ ಹೇಳಿದಳು.

"ನನ್ನ ತಮ್ಮ ಇದ್ದ. ನಡುಗೋಡೆಯ ಆ ಕಡೆ ಹುಡುಗರು, ಈ ಕಡೆ ನಾವು. ಸಂಜೆ ಗಂಟೆ ಹೊಡೆದ್ಮೇಲೆ ಯಾರೂ ಉಸಿರೆತ್ತೋ ಹಾಗಿಲ್ಲ. ಅದಕ್ಕೇ ಗಂಟೆಗೆ ಮುಂಚೆ ಅವನು ಗೋಡೆ ತಟ್ಟೋನು. ಅಕ್ಕಾ, ಇದೀನಿ ಅಂತ. ನಾನೂ ತಟ್ತಿದ್ದೆ. ಒಂದಿನ ತಟ್ಲಿಲ್ಲ. ಗಂಟೆ ಹೊಡೀತು. ಕೇಳಿದ್ರೆ ಯಾರೂ ಏನೂ ಹೇಳ್ಲಿಲ್ಲ. ಇವತ್ತಿಗೂ ಹೇಳಿಲ್ಲ..."

ಅವಳಿಗೆ ಮೈಯೆಲ್ಲ ಮುಳ್ಳೆದ್ದಿತು. ಅಜ್ಜಿ ಸಂಜೆ ಸಂಜೆ ಕೇಳುತ್ತಿದ್ದದ್ದು ಏನನ್ನು ಎಂದು ಆಗ ತಿಳಿಯಿತು.

"ಈಗೇನು ಮಾಡ್ಲಿ ಅಜ್ಜಿ?"

"ಬಾಗಿಲು ಹಾಕಿದವಳು ನೀನು. ಹೋಗಿ ಅವನ ಹೊಸ್ತಿಲಲ್ಲಿ ಕೂತ್ಕೋ. ಬಾಯಿ ಮುಚ್ಕೊಂಡು. ನಿಂಗದು ಕಷ್ಟ, ಗೊತ್ತು ನಂಗೆ."

ಬೆಳಿಗ್ಗೆ ಅವಳು ಗುಡ್ಡ ಹತ್ತಿದಳು.

ಬಡಗಿ ಶೆಡ್ಡಿನಲ್ಲಿ ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದ. ಅವಳು ಹೊಸ್ತಿಲಲ್ಲಿ ಕುಳಿತದ್ದನ್ನು ನೋಡಿದ ಕ್ಷಣ ಅವನ ಕೈ ನಿಂತಿತು. ಮತ್ತೆ ಶುರುವಾಯಿತು. ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಅವಳ ಕಾಲ ಬಳಿ ಬಂದು ಬೀಳುತ್ತಿತ್ತು.

ಮಾತಾಡದೆ ಕೂರುವುದು! ಅವಳಿಗೆ! ಸಾವಿರ ಮಾತು ಗಂಟಲಲ್ಲಿ ಗುದ್ದಾಡುತ್ತಿದ್ದವು. 'ಕ್ಷಮಿಸಿ... ನಂಗೆ ಗೊತ್ತಿರ್ಲಿಲ್ಲ... ನೀವಿಲ್ಲದೆ ನಂಗೆ ಅನ್ನ ಸೇರ್ತಿಲ್ಲ...'

ಅವನ ತಾಯಿ ಎರಡು ಸಲ ಅವಳ ಪಕ್ಕದಿಂದ ಹಾದುಹೋದರು. ಮೊದಲ ಸಲ ಗಂಭೀರವಾಗಿದ್ದರು. ಎರಡನೇ ಸಲ ಸೆರಗಿನಲ್ಲಿ ನಗು ಮುಚ್ಚಿಕೊಂಡರು.

ಬಿಸಿಲು ಹೊಸ್ತಿಲಿಗೆ ಬಂತು. ಅವಳು ಅಲುಗಲಿಲ್ಲ. ಅವಮಾನ ಆಗುತ್ತಿರಲಿಲ್ಲ, ಆಶ್ಚರ್ಯ! ತಾನು ತನ್ನ ಜನರ ಒಂದು ರೀತಿಯನ್ನು ಮೊದಲ ಸಲ ಪಾಲಿಸುತ್ತಿದ್ದೇನೆ ಎನ್ನಿಸಿ ಕಣ್ಣು ತುಂಬಿತು.

ಕೊನೆಗೆ ಒಂದು ತುಂಡು ಸ್ಯಾಂಡ್ ಪೇಪರ್ ಅವಳ ಮುಂದೆ ಬಂತು.

"ಈ ಬೆಂಚನ್ನ ಉಜ್ಜಿ. ಮಕ್ಕಳ ಕೈಗೆ ಚುಚ್ಚಬಾರದು."

ಅವಳು ಉಜ್ಜಿದಳು. ಅಂಗೈ ಉರಿಯುವವರೆಗೆ, ಹಲಗೆ ಕೆನ್ನೆಯಂತೆ ನುಣುಪಾಗುವವರೆಗೆ. ಅವನು ಬೆರಳಾಡಿಸಿ ನೋಡಿ, "ಆಯ್ತು" ಎಂದ.

"ನಾನು ಅವತ್ತು..."

"ಆಯ್ತು ಅಂದ್ಮೇಲೆ ಆಯ್ತು ಟೀಚರೇ. ಮತ್ತೆ ಎತ್ತೋ ಹಾಗಿಲ್ಲ." ಅವನ ದನಿ ಒಡೆಯಿತು. "ನಾನೂ ಎತ್ತಲ್ಲ."

ಅವಳು ಕಣ್ಣೊರೆಸಿಕೊಂಡಳು. "ನಮ್ಮಜ್ಜಿ ಕಾಯ್ತಿದಾರೆ. ನಿಮಗೊಂದು ಕೆಲಸ ಇದೆಯಂತೆ."

ಆ ಮಧ್ಯಾಹ್ನ ಅಜ್ಜಿ ತಾನಾಗೇ ಗೇಟು ದಾಟಿದಳು. ಹಿಂದೆ ಯಜಮಾನರು, ಮತ್ತೆ ಉಳಿದವರು. ಈ ಸಲ ಯಾರೂ ಸಾಲಿನಲ್ಲಿ ಬರಲಿಲ್ಲ. ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ತಡವರಿಸುತ್ತಾ, ಗುಂಪಾಗಿ ಬಂದರು.

ಮೇಲಿನ ಕೋಣೆಯ ನಡುಗೋಡೆಯ ಮುಂದೆ ಅಜ್ಜಿ ನಿಂತಳು. ಎದೆಮಟ್ಟಕ್ಕಿಂತ ತುಂಬಾ ಕೆಳಗೆ, ಒಂದು ಮಗುವಿನ ಎತ್ತರಕ್ಕೆ ಬಾಗಿ, ಬೆರಳ ಗಂಟಿನಿಂದ ತಟ್ಟಿದಳು.

ಟಕ್. ಟಕ್ ಟಕ್.

ಎಲ್ಲರೂ ಉಸಿರು ಹಿಡಿದು ನಿಂತರು. ಮೊಮ್ಮಗಳೂ ಕಿವಿಗೊಟ್ಟಳು. ಬಿ.ಎಡ್. ಓದಿದವಳು, ದೆವ್ವ ಸುಳ್ಳು ಎಂದವಳು, ಮನಸ್ಸಿನಲ್ಲೇ ಬೇಡಿಕೊಂಡಳು. 'ಒಂದು ಸಲ... ಒಂದೇ ಸಲ ತಟ್ಟು ಅಜ್ಜ...'

ಗೋಡೆ ಸುಮ್ಮನಿತ್ತು.

"ಒಡಿ ಮಗಾ" ಎಂದಳು ಅಜ್ಜಿ ಬಡಗಿಗೆ.

ಸುತ್ತಿಗೆ ಬಿತ್ತು. ಇಟ್ಟಿಗೆ ಸರಿಯಿತು. ಧೂಳು ಎದ್ದಿತು. ಆ ಕಡೆಯ ಕಿಟಕಿಯ ಬೆಳಕು ಈ ಕಡೆಗೆ ಬಂದು ನೆಲದ ಮೇಲೆ ಬಿದ್ದಿತು. ಅಜ್ಜಿ ಆ ತೂತಿನಲ್ಲಿ ತಲೆ ಹಾಕಿ ಆ ಕಡೆ ನೋಡಿದಳು. ಖಾಲಿ ಕೋಣೆ. ತನ್ನ ಭಾಷೆಯಲ್ಲಿ, ಮೊಮ್ಮಗಳು ಹುಟ್ಟಿದಾಗಿನಿಂದ ಅಜ್ಜಿಯ ಬಾಯಲ್ಲಿ ಕೇಳದ ಆ ಭಾಷೆಯಲ್ಲಿ, ಒಂದು ಮಾತು ಹೇಳಿದಳು.

ಮೊಮ್ಮಗಳಿಗೆ ಅರ್ಥವಾಗಲಿಲ್ಲ. ಬಡಗಿಯ ಕಡೆ ನೋಡಿದಳು. ಅವನು ಮೆಲ್ಲಗೆ ಹೇಳಿದ, "ತಮ್ಮಾ, ಇನ್ನು ತಟ್ಟೋದು ಬೇಡ. ನೇರ ಒಳಗೇ ಬಾ... ಅಂದ್ರು."

ಯಜಮಾನರು ಮುಖ ತಿರುಗಿಸಿ ಗಂಟಲು ಸರಿಮಾಡಿಕೊಂಡರು. "ಉದ್ದಣ್ಣ, ಆ ಗೇಟ್ ಯಾಕೆ ಇನ್ನೂ ಇದೆ? ಅದನ್ನೂ ಕಿತ್ತುಬಿಡು. ಮಕ್ಕಳು ಬರೋ ಜಾಗ!"

ಶಾಲೆ ಶುರುವಾಯಿತು. ಮೊದಲ ದಿನ ಮಕ್ಕಳನ್ನು ಒಳಗೆ ಕರೆಯಲು ಅಜ್ಜಿಯೇ ಜಗಲಿಗೆ ಬಂದಳು. ಆಡುತ್ತಿದ್ದ ಮಕ್ಕಳನ್ನು ಊಟಕ್ಕೆ ಕೂಗುವಂತೆ, ಅದೇ ಭಾಷೆಯಲ್ಲಿ, ಉದ್ದಕ್ಕೆ ದನಿ ಎಳೆದು ಕೂಗಿದಳು. ಮಕ್ಕಳು ನಗುತ್ತಾ ಓಡಿಬಂದವು. ಎಲ್ಲರೂ ಒಳಗೆ ಹೋದ ಮೇಲೂ ಅಜ್ಜಿ ಇನ್ನೊಂದು ಗಳಿಗೆ ಖಾಲಿ ಅಂಗಳ ನೋಡುತ್ತಾ ನಿಂತಿದ್ದಳು. ಇನ್ನೊಬ್ಬ ಬರುವುದಿದೆ ಎನ್ನುವಂತೆ.

ಮೊಮ್ಮಗಳು ಕಣ್ಣೊರೆಸಿಕೊಂಡು ತಿರುಗಿದರೆ, ಬಡಗಿ ಸಾಮಾನಿನ ಚೀಲ ಹೆಗಲಿಗೇರಿಸಿ ನಿಂತಿದ್ದ.

"ನನ್ನ ಕೆಲಸ ಮುಗೀತು ಟೀಚರೇ. ಬರ್ಲಾ?"

"ಎಲ್ಲಿಗೆ?" ಅವಳು ಚೀಲ ಹಿಡಿದುಕೊಂಡಳು. "ಮರಗೆಲಸ ಯಾರು ಕಲಿಸ್ತಾರೆ? ಹಾಡು? ನಂಗೆ... ನಂಗೆ ನಮ್ಮ ಭಾಷೆ ಯಾರು ಕಲಿಸ್ತಾರೆ?"

"ಅಷ್ಟಕ್ಕೇನಾ ಇರಿ ಅಂತಿರೋದು?"

ಅವಳು ನೆಲ ನೋಡಿದಳು. ಇಷ್ಟೊಂದು ಮಾತಿನ ಹುಡುಗಿಗೆ ಒಂದು ಮಾತೂ ಬರಲಿಲ್ಲ!

ಅವನು ಚೀಲ ಕೆಳಗಿಟ್ಟ. "ಅಮ್ಮ ದಿನಾ ಕೇಳ್ತಾರೆ, ಟೀಚರ್ ಮೇಲೆ ನಿಂಗೆ ಮನಸ್ಸಿದೆಯೇನೋ ಅಂತ. ದಿನಾ ಇಲ್ಲ ಅಂತೀನಿ. ಸುಳ್ಳು ಹೇಳಿ ಹೇಳಿ ಸಾಕಾಗಿದೆ."

"ಹಾಗಾದ್ರೆ ನಿಜ ಹೇಳ್ಬಿಡಿ."

"ಮೊದಲು ನಿಮಗೆ ಹೇಳ್ಬೇಕಲ್ಲ..."

"ನಾನು ಕೇಳಿಸ್ಕೋತಿದೀನಿ. ಬಾಯಿ ಮುಚ್ಕೊಂಡು ಕೇಳಿಸ್ಕೊಳ್ಳೋದು ಕಲಿತಿದೀನಿ ಈಗ."

ಅವನು ನಕ್ಕ. ನಗುವಿನ ಮಧ್ಯೆಯೇ ಕಣ್ಣು ಒದ್ದೆಯಾಯಿತು. ಅವಳ ಕಡೆ ಬಾಗಿ, ಅವರಿಬ್ಬರ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿದ.

"ಅರ್ಥ ಆಗ್ಲಿಲ್ಲ..." ಅವಳು ಪಿಸುಗುಟ್ಟಿದಳು. ಮುಖ ಮಾತ್ರ ಕೆಂಪಾಗಿತ್ತು.

"ಸುಳ್ಳು!"

"ಹೂಂ, ಸುಳ್ಳು. ಇನ್ನೊಂದ್ಸಲ ಹೇಳು..."